ನೀರು ಇನ್ನೂ ಕಾದಿಲ್ಲ

ಇವತ್ತು ಬೆಳಿಗ್ಗೆ ಸ್ನಾನಕ್ಕೆ ಹೋದರೆ ಬಕೆಟ್ಟಿನೊಳಗೆ ಥರ್ಮಾಮೀಟರ್ ಇತ್ತು. ಜ್ವರ ನೋಡುವಂಥದ್ದಲ್ಲ. ಗೇಣುದ್ದದ್ದು, ಲೋಹದ ಕವಚ, ತಲೆಗೆ ಹಸಿರು ದಾರ. ದಾರದ ಇನ್ನೊಂದು ತುದಿಯನ್ನು ನಲ್ಲಿಯ ಕುತ್ತಿಗೆಗೆ ಎರಡು ಸುತ್ತು ಸುತ್ತಿ ಗಂಟು ಹಾಕಿತ್ತು. ಆಫೀಸಿನ ಕ್ಯಾಬು 7:45ಕ್ಕೆ ಗೇಟಿನ ಮುಂದೆ ಇರುತ್ತದೆ. ಗಂಟೆ ಆಗಲೇ 7:20. ಗಂಟು ಬಿಚ್ಚೋಣ ಅಂತ ಕೈ ಹಾಕಿದೆ. ಬಾಗಿಲ ಆಚೆಯಿಂದ ದನಿ ಬಂತು.

"ತೆಗೀಬೇಡಿ! ಒಂದು ನಿಮಿಷ. ರೀಡಿಂಗ್ ನಿಲ್ಲಲಿ."

ಟವೆಲ್ ಸುತ್ತಿಕೊಂಡು, ಕೈಯಲ್ಲಿ ಚೊಂಬು ಹಿಡಿದು, ನನ್ನದೇ ಮನೆಯ ಬಚ್ಚಲಲ್ಲಿ ನನ್ನದೇ ಬಕೆಟ್ಟಿನ ಮುಂದೆ ಅಪ್ಪಣೆಗಾಗಿ ಕಾಯುತ್ತಾ ನಿಂತೆ.

"ಎಷ್ಟಿದೆ ಹೇಳಿ."

"41."

"ಕಲಸಿದ್ರಾ?"

"ಏನನ್ನ?"

"ನೀರನ್ನ ಕಣ್ರೀ. ಮೇಲೊಂದು ಇರುತ್ತೆ, ಕೆಳಗೊಂದು ಇರುತ್ತೆ. ಚೊಂಬಲ್ಲಿ ಒಂದ್ಸಲ ತಿರುಗಿಸಿ ಇನ್ನೊಮ್ಮೆ ನೋಡಿ."

ಕ್ಯಾಬು ಹೋಯಿತು. ಈಗ ಆಟೋದಲ್ಲಿ ಕೂತಿದ್ದೇನೆ. ಸಿಲ್ಕ್ ಬೋರ್ಡ್ ಜಂಕ್ಷನ್ ದಯಪಾಲಿಸಿದ ಬಿಡುವಿನಲ್ಲಿ ಇದನ್ನು ಫೋನಿನಲ್ಲಿ ಕುಟ್ಟುತ್ತಿದ್ದೇನೆ. ಹೊಟ್ಟೆಯಲ್ಲಿಟ್ಟುಕೊಂಡರೆ ಗ್ಯಾಸ್ ಆಗುತ್ತದೆ.

ದನಿ ನನ್ನ ಭಾವನದು. ಹೆಂಡತಿಯ ಅಣ್ಣ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಪೈಸೆಗೆ ಪೈಸೆ ಟ್ಯಾಲಿ ಮಾಡಿ ರಿಟೈರ್ ಆದವರು. ವಿದ್ಯಾರಣ್ಯಪುರದ ಮನೆಗೆ ಪೇಂಟ್ ಹೊಡೆಸುತ್ತಿದ್ದಾರೆ. 'ಎಂಟೇ ದಿನ' ಅಂತ ಹನುಮಂತನಗರದ ನಮ್ಮ ಮನೆಗೆ ಬಂದರು. ಇವತ್ತಿಗೆ ಹತ್ತೊಂಬತ್ತು. ಪೇಂಟಿನವನು ಊರಿಗೆ ಹೋಗಿದ್ದಾನಂತೆ. ಪೇಂಟಿನವನು ಊರಿಗೆ ಹೋಗಿದ್ದಾನೆ ಅಂದರೆ ಏನರ್ಥ ಅಂತ ಬೆಂಗಳೂರಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಇರುವುದಕ್ಕೆ ನನಗೇನೂ ಬೇಜಾರಿಲ್ಲ. ಒಳ್ಳೆಯ ಮನುಷ್ಯ. ತಿಂದ ತಟ್ಟೆ ತಾವೇ ತೊಳೆಯುತ್ತಾರೆ. ಹಾಲು ತರುತ್ತಾರೆ. ನನ್ನ ತಕರಾರು ಇರುವುದು ಆ ಥರ್ಮಾಮೀಟರಿನ ಮೇಲೆ. ಅದರಿಂದಾಗಿ ನನ್ನ ಜೀವನದ ಒಂದೇ ಒಂದು ಟ್ರೌಟ್ ಮೀನು ಕಣ್ಣೆದುರೇ ಕೈತಪ್ಪಿತು.

ಭಾವನಿಗೆ ಈ ಹುಚ್ಚು ಹತ್ತಿದ್ದು ಕೊಲರಾಡೋದಲ್ಲಿ. ಮಗ ಅಲ್ಲಿದ್ದಾನೆ. ಅಪ್ಪನನ್ನು ಕರೆಸಿಕೊಂಡು ಮೊದಲ ತಿಂಗಳು ಊರಿನ ಮಾಲುಗಳನ್ನೆಲ್ಲ ತೋರಿಸಿದ. ಎರಡನೇ ತಿಂಗಳು ಏನು ತೋರಿಸುವುದು ಗೊತ್ತಾಗದೆ ಹೊಳೆಗೆ ಕರೆದುಕೊಂಡು ಹೋದ. ಅಲ್ಲಿ ಮೇ, ಜೂನ್ ಬಂತೆಂದರೆ ರಾಕಿ ಬೆಟ್ಟಗಳ ಹಿಮ ಕರಗಿ ಹೊಳೆಗಳು ಕದಡಿಕೊಂಡು ಉಕ್ಕುತ್ತವೆ. ಅದಕ್ಕೆ ಮುಂಚಿನ ಕೆಲವು ವಾರ, ಚಳಿ ಬಿಟ್ಟೂ ಬಿಡದ ಹಾಗಿರುವಾಗ, ನೀರು ತಿಳಿಯಾಗಿರುತ್ತದೆ. ಆಗ ಫ್ಲೈ ಫಿಶಿಂಗ್. ಈ ಗಾಳಕ್ಕೆ ಎರೆಹುಳು ಸಿಕ್ಕಿಸುವುದಿಲ್ಲ. ಕೊಕ್ಕೆಗೆ ಕೂದಲು, ಗರಿ, ನೂಲು ಸುತ್ತಿ ಹುಳದ ವೇಷ ಹಾಕಿರುತ್ತಾರೆ. ಹುಳಕ್ಕೆ ತೂಕವೇ ಇಲ್ಲ. ತೂಕವೆಲ್ಲ ದಾರದ್ದು. ಆ ದಾರವನ್ನು ಚಾಟಿಯ ಹಾಗೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿ ಎಸೆಯಬೇಕು. ಮೀನು ಸಿಕ್ಕರೆ ಕೊಕ್ಕೆ ಬಿಡಿಸಿ ವಾಪಸ್ ನೀರಿಗೇ ಬಿಡುತ್ತಾರೆ.

ಈ ಕೊನೆಯ ಮಾತು ಕೇಳಿದ್ದೇ ತಡ, ಹುಟ್ಟಾ ಸಸ್ಯಾಹಾರಿ ಭಾವನಿಗೆ ದಾರಿ ಸಲೀಸಾಯಿತು. ಬರುವಾಗ ಎರಡು ರಾಡ್ ತಂದರು. ಒಂದು ಅವರಿಗೆ. ಒಂದು ನನಗೆ. ನಾನು ಕೇಳಿರಲಿಲ್ಲ.

ನನ್ನ ಹೆಂಡತಿ ವಿಷಯವನ್ನು ಒಂದೇ ಮಾತಲ್ಲಿ ಮುಗಿಸಿದಳು. "ನೊಣ ಹೊಡೆಯೋಕೆ ಅಷ್ಟು ದೂರ ಹೋಗ್ಬೇಕಾ? ಭಾನುವಾರ ಸೋಫಾ ಮೇಲೆ ಕೂತು ಇಲ್ಲೇ ಹೊಡೀತೀರಲ್ಲ."

ಭಾವನ ಹುಳದ ಡಬ್ಬಿ ನಮ್ಮ ಹಾಲಿನ ಶೋಕೇಸ್ ಸೇರಿತು. ಅದರ ತುಂಬಾ ನಿಂಫ್‌ಗಳು. ನಿಂಫ್ ಅಂದರೆ ನೀರೊಳಗೆ ಕಲ್ಲಿನಡಿ ಬದುಕುವ ಮರಿಹುಳ. ಒಂದಕ್ಕೆ ಮೊಲದ ಕೂದಲು ಸುತ್ತಿದ್ದರು. ಇನ್ನೊಂದಕ್ಕೆ ಫೆಸೆಂಟ್ ಹಕ್ಕಿಯ ಬಾಲದ ಗರಿ. ಸೀಸನ್ನಿನ ಶುರುವಿನಲ್ಲಿ ಮೇಲೆ ಹಾರುವ ಹುಳ ಕಡಿಮೆ. ಹಾಗಾಗಿ ಮೀನು ತಳದಲ್ಲಿ ಈ ಮರಿಗಳನ್ನೇ ಹೆಚ್ಚಾಗಿ ತಿನ್ನುತ್ತದೆ. ಮೇಫ್ಲೈ ಅನ್ನುವ ಹುಳದ ಕಥೆ ಕೇಳಿದರಂತೂ ಕರುಳು ಚುರುಕ್ ಅನ್ನುತ್ತದೆ. ಸುಮಾರು ಒಂದು ವರ್ಷ ನೀರಿನ ತಳದಲ್ಲಿ ಕಲ್ಲು ಕಚ್ಚಿಕೊಂಡು ಕಳೆಯುತ್ತದೆ. ರೆಕ್ಕೆ ಬಂದ ಮೇಲೆ ಒಂದೆರಡು ದಿನ ಹಾರಾಡಿ ಸಾಯುತ್ತದೆ. ನಮ್ಮ ಆಫೀಸಿನ ರಜೆಯ ಲೆಕ್ಕವೂ ಹೆಚ್ಚುಕಡಿಮೆ ಹೀಗೇ.

ಅತ್ತೆಯವರು ಒಂದು ದಿನ ಆ ಡಬ್ಬಿಯ ಮುಚ್ಚಳ ತೆಗೆದರು. "ಅಯ್ಯೋ ದೇವ್ರೇ, ಜಿರಳೆ ಮರಿ!" ಅಂದರು. ಸಂಜೆ ನಾನು ಬರುವಷ್ಟರಲ್ಲಿ ಡಬ್ಬಿಯ ಸುತ್ತ ಲಕ್ಷ್ಮಣ ರೇಖೆ ಎಳೆದಾಗಿತ್ತು. ಎರಡು ಸುತ್ತು.

ಎಸೆಯುವುದನ್ನು ಕಲಿಯಲು ಬಯಲು ಬೇಕು. ಹನುಮಂತನಗರದಲ್ಲಿ ಬಯಲು ಎಲ್ಲಿಂದ ತರೋಣ? ತಾರಸಿಗೆ ಹೋದೆವು. ರಾಡ್ 9 ಅಡಿ. ದಾರ ಹಿಂದಕ್ಕೆ ಮೂವತ್ತಡಿ ಹೋಗುತ್ತದೆ. ನಮ್ಮ ತಾರಸಿ ಇರುವುದೇ ಇಪ್ಪತ್ತೆಂಟು. ಉಳಿದ ಎರಡಡಿ ಪಕ್ಕದ ಮನೆಯದು. ಅದು ಫೆಬ್ರವರಿ ಕೊನೆ, ಬಿಸಿಲು ಬಲಿಯುತ್ತಿದ್ದ ಕಾಲ. ಪಕ್ಕದ ಮನೆ ಆಂಟಿ ಹಳೇ ಪಂಚೆ ಹಾಸಿ ಸಬ್ಬಕ್ಕಿ ಸಂಡಿಗೆ ಇಟ್ಟಿದ್ದರು. ಅಂಚಿಗೆ ನಾಲ್ಕು ಇಟ್ಟಿಗೆ. ಕಾಗೆ ಓಡಿಸಲು ಒಂದು ಕಪ್ಪು ಕೊಡೆ.

"ಹಿಂದಕ್ಕೆ ಬೀಸಿ. ನಿಲ್ಲಿಸಿ. ದಾರ ನೆಟ್ಟಗಾಗೋವರೆಗೂ ಕಾಯಿರಿ. ಈಗ ಮುಂದಕ್ಕೆ," ಅಂದರು ಭಾವ. ನಾನು ಹಿಂದಕ್ಕೆ ಬೀಸಿದೆ. ನಿಲ್ಲಿಸಿದೆ. ಕಾದೆ. ಮುಂದಕ್ಕೆ ಎಳೆದರೆ ಬರಲಿಲ್ಲ. ಭಾರ. ಜೀವ ಇರುವ ಹಾಗೆ ಎಳೆಯುತ್ತಿದೆ. 'ಎಳೆತ ಸಿಕ್ಕರೆ ರಾಡ್ ಎತ್ತಿಬಿಡಿ' ಅಂತ ಹೇಳಿಕೊಟ್ಟಿದ್ದರಲ್ಲ, ಎತ್ತಿದೆ. ರಾಡ್ ಕಾಮನಬಿಲ್ಲಿನ ಹಾಗೆ ಬಗ್ಗಿತು. ತಿರುಗಿ ನೋಡಿದರೆ ಪಂಚೆಯ ಒಂದು ಮೂಲೆ ಎರಡಡಿ ಮೇಲೆದ್ದು ನಿಂತಿದೆ. ಅರ್ಧ ಒಣಗಿದ ಸಂಡಿಗೆಗಳು ಒಂದೊಂದಾಗಿ ಜಾರಿ ಉರುಳುತ್ತಿವೆ. ಕೊಡೆ ಆಗಲೇ ಮಗುಚಿತ್ತು.

ಇಡೀ ಪ್ರಕರಣದಲ್ಲಿ ನನ್ನ ರಾಡ್ ಬಗ್ಗಿದ್ದು ಆ ಒಂದೇ ಸಲ.

ಇನ್ನು ಎಲ್ಲಿಗೆ ಹೋಗುವುದು ಅನ್ನುವ ಪ್ರಶ್ನೆ. ಕರ್ನಾಟಕದ ಹೊಳೆಗಳಲ್ಲಿ ಟ್ರೌಟ್ ಇಲ್ಲ. ಅದಕ್ಕೆ ತಣ್ಣನೆಯ ನೀರು ಬೇಕು. 20 ಡಿಗ್ರಿ ದಾಟಿದರೆ ಏದುಸಿರು. 25ರ ಹತ್ತಿರ ಹೋದರೆ ಜೀವಕ್ಕೇ ಅಪಾಯ. ನಮ್ಮ ಕಾವೇರಿಯದು ಮಹಶೀರ್. ಅದನ್ನು ಹಿಡಿಯುವ ಹವ್ಯಾಸಿಗಳಿಗೆ ಭೀಮೇಶ್ವರಿ, ಗಾಲಿಬೋರೆ ಕಡೆ ಕ್ಯಾಂಪುಗಳಿದ್ದವು. ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತು ವರ್ಷಗಳಾದವು. ನಿಂತಿದ್ದು ಒಳ್ಳೆಯದೇ. ಬೆನ್ನು ಉಬ್ಬಿದ ಆ ಮಹಶೀರ್ ಅಳಿವಿನ ಅಂಚಿಗೆ ಬಂದಿದೆ ಅಂತ 2018ರಲ್ಲೇ ಕೆಂಪು ಪಟ್ಟಿಗೆ ಸೇರಿಸಿದ್ದಾರೆ.

ಟ್ರೌಟ್ ನಮ್ಮ ದೇಶದ್ದೇ ಅಲ್ಲ. ಬ್ರಿಟಿಷರಿಗೆ ಭಾನುವಾರ ಹೊತ್ತು ಹೋಗುತ್ತಿರಲಿಲ್ಲ. ಅದಕ್ಕೆ ಮೊಟ್ಟೆ ತರಿಸಿದರು. ಕಾಶ್ಮೀರಕ್ಕೆ 1899ರಲ್ಲಿ ಹೊರಟ ಮೊದಲ ಕಂತು ದಾರಿಯಲ್ಲೇ ಹಾಳಾಯಿತು. 1900ರಲ್ಲಿ ಸ್ಕಾಟ್ಲೆಂಡಿನಿಂದ ಬಂದದ್ದು ಬದುಕಿತು. ನೀಲಗಿರಿಯ ಅವಲಾಂಚಿಯಲ್ಲಿ 1907ರಲ್ಲಿ ಮರಿ ಮಾಡುವ ಕೇಂದ್ರ ಶುರುವಾಯಿತು. ಕುಲು ಕಣಿವೆಗೆ 1909ರಲ್ಲಿ ಬಂತು. ಬೆಂಗಳೂರಿನವರು ವರ್ಷಕ್ಕೊಮ್ಮೆ ಊಟಿಗೆ ಹೋಗುತ್ತೇವೆ. ಬೋಟ್ ಹೌಸಿನಲ್ಲಿ ಪೆಡಲ್ ತುಳಿದು, ಕ್ಯಾರೆಟ್ಟು, ವರ್ಕಿ ಹೊತ್ತು ತರುತ್ತೇವೆ. ಪಕ್ಕದ ಹೊಳೆಯಲ್ಲಿ ಟ್ರೌಟ್ ಇದೆ ಅಂತ ಯಾರಿಗೆ ಗೊತ್ತಿತ್ತು?

ನಾನು ಊಟಿ ಅಂದೆ. ಭಾವ ಹಿಮಾಚಲ ಅಂದರು. ಅಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ, ಮೊಟ್ಟೆ ಇಡುವ ಕಾಲ ಅಂತ, ಟ್ರೌಟ್ ಹಿಡಿಯುವಂತಿಲ್ಲ. ಮಾರ್ಚ್ ಬಂತೆಂದರೆ ಸೀಸನ್ ಶುರು. "ನಾಲ್ಕು ತಿಂಗಳು ಯಾರೂ ಮುಟ್ಟದ ಹೊಳೆ. ಮೊದಲ ವಾರವೇ ಹೋಗ್ಬೇಕು. ಮೊದಲ ದಿನ ಮೊದಲ ಶೋ ಥರ." ಹೊಳೆಯ ಹೆಸರು ತೀರ್ಥನ್.

ಆ ಹೆಸರು ಅತ್ತೆಯವರ ಕಿವಿಗೆ ಬಿತ್ತು. ಮುಗಿಯಿತು. ಮಗ ಮತ್ತು ಅಳಿಯ ಇಬ್ಬರೂ ಹಿಮಾಲಯಕ್ಕೆ ತೀರ್ಥಯಾತ್ರೆಗೆ ಹೊರಟಿದ್ದಾರೆ ಅಂತ ಹಾಲಿನ ಬೂತಿನವರೆಗೂ ಸುದ್ದಿ ಹೋಯಿತು. ಹೊರಡುವ ದಿನ ಕೈಗೆ ಒಂದು ಲೀಟರಿನ ಖಾಲಿ ಬಾಟಲಿ ಕೊಟ್ಟರು. "ತುಂಬಿಸ್ಕೊಂಡು ಬನ್ನಿ. ದೇವರ ಮನೇಲಿ ಇಡೋಣ." ಸಂಡಿಗೆ ಆಂಟಿ ಕೂಡ ಕೋಪ ಮರೆತು ಹುಂಡಿಗೆ ಹಾಕಲು ಹನ್ನೊಂದು ರೂಪಾಯಿ ಕೊಟ್ಟರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬಾಯಿ ಬಿಡಲಿಲ್ಲ.

ದೆಹಲಿಯಿಂದ ರಾತ್ರಿ ಬಸ್ಸು. ಔಟ್ ಅನ್ನುವ ಊರಲ್ಲಿ, ಅದೇ ಆ ಉದ್ದನೆಯ ಸುರಂಗದ ಹತ್ತಿರ, ಇಳಿದು ಬಂಜಾರ್ ಕಡೆಗೆ ಟ್ಯಾಕ್ಸಿ. ಔಟ್‌ನಲ್ಲಿ ಚಹಾ ಕೊಟ್ಟಾಗಲೇ ಭಾವ ಥರ್ಮಾಮೀಟರ್ ತೆಗೆದರು. ಅದರ ಗೆರೆ 50ಕ್ಕೇ ಮುಗಿಯುತ್ತದೆ. ಬಿಸಿ ಚಹಾಕ್ಕೆ ಹಾಕಿದರೆ ಒಡೆಯುತ್ತದೆ ಅಂತ ಮಗ ಎಚ್ಚರಿಸಿದ್ದನಂತೆ. ಹಾಗಾಗಿ ಇವತ್ತಿಗೂ ನಮ್ಮ ಮನೆಯ ಫಿಲ್ಟರ್ ಕಾಫಿ ಒಂದು ಮಾತ್ರ ಅದರ ಕಾಟದಿಂದ ಪಾರಾಗಿ ಉಳಿದಿದೆ.

ಹೊಳೆಯನ್ನು ನೋಡಿದ ಮೇಲೆ ನನಗೆ ಮಾತೇ ಬರಲಿಲ್ಲ. ಆನೆಗಾತ್ರದ ಬಂಡೆಗಳು, ನಡುವೆ ಹಸಿರು ಗಾಜಿನಂಥ ನೀರು. ಮೇಲಿನ ಬೆಟ್ಟಸಾಲಿನಲ್ಲಿ ಇನ್ನೂ ಬೆಳ್ಳಗೆ ಹಿಮ. ನಾನು ಕ್ಯಾಮೆರಾ ತೆಗೆಯುವಷ್ಟರಲ್ಲಿ ಭಾವ ಮಂಡಿಯೂರಿ ದಾರ ಇಳಿಬಿಟ್ಟಿದ್ದರು.

"4."

"ಅಂದ್ರೆ?"

"ನೀರು ಇನ್ನೂ ಕಾದಿಲ್ಲ."

ಮೀನಿಗೆ ನಮ್ಮ ಹಾಗೆ ಮೈಯೊಳಗೆ ಗೀಸರ್ ಇಲ್ಲ. ಹೊರಗೆ ನೀರು ಎಷ್ಟು ತಣ್ಣಗೋ ಅದರ ಮೈಯೂ ಅಷ್ಟೇ ತಣ್ಣಗೆ. ಮೈ ತಣ್ಣಗಾದರೆ ಜೀರ್ಣ ನಿಧಾನ, ಹಸಿವು ಕಡಿಮೆ. ಹರಿವಿನ ನಡುವೆ ಈಜಿ ದಣಿಯಲು ಅದಕ್ಕೆ ಇಷ್ಟವಿಲ್ಲ. ಬಂಡೆಯ ಹಿಂದೆ, ನೀರು ನಿಂತ ಹಾಗಿರುವ ಗುಂಡಿಯ ತಳದಲ್ಲಿ ಸುಮ್ನೆ ಬಿದ್ದುಕೊಂಡಿರುತ್ತದೆ. ಊಟ ಮೂಗಿನ ಮುಂದೆ ತೇಲಿ ಬಂದರೆ ಬಾಯಿ ತೆರೆಯುತ್ತದೆ. ಒಂದಡಿ ಆಚೆ ಹೋದರೆ ಬೇಡ. ನಮ್ಮ ಮನೆಯಲ್ಲಿ ಹೀಗೇ ಬದುಕುವ ಹದಿನಾರು ವರ್ಷದವನೊಬ್ಬ ಇದ್ದಾನೆ. ಹಾಗಾಗಿ ನನಗೆ ಕೂಡಲೇ ಅರ್ಥವಾಯಿತು.

"8 ದಾಟಲಿ. ಆಗ ಬೀಸೋಣ," ಅಂದರು ಭಾವ.

ಕೂತೆವು. ಅರ್ಧ ಗಂಟೆಗೊಮ್ಮೆ ದಾರ ಇಳಿಯುತ್ತಿತ್ತು. ಒಂದು ನಿಮಿಷ ಕಾಯುವುದು. ಮೇಲೆತ್ತಿ, ಕನ್ನಡಕ ಹಣೆಗೇರಿಸಿ, ಗೆರೆ ಓದುವುದು. ನೋಟ್‌ಬುಕ್ಕಿನಲ್ಲಿ ಬರೆಯುವುದು. ಅದರಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ನಾಲ್ಕು ಕಾಲಂಗಳು: ಗಂಟೆ, ಜಾಗ, ಡಿಗ್ರಿ, ಮೀನು. ಒಂಬತ್ತೂವರೆ, ಸೇತುವೆ, 4, 0. ಹತ್ತು, ಸೇತುವೆ, 4, 0. ಹತ್ತೂವರೆ, ದೊಡ್ಡ ಬಂಡೆ, 5, 0. ಬ್ಯಾಂಕಿನ ಮನುಷ್ಯ. ಕಾಲಂ ಖಾಲಿ ಬಿಟ್ಟರೆ ರಾತ್ರಿ ನಿದ್ದೆ ಬರುವುದಿಲ್ಲ. ಗಾಳವನ್ನೇ ಹಾಕದೆ 'ಮೀನು 0' ಅಂತ ಯಾಕೆ ಬರೀತೀರಿ ಅಂತ ಕೇಳಿದೆ. "ಬ್ಯಾಲೆನ್ಸ್ ನಿಲ್ ಅಂತ ಬರೀಬೇಕಾದ್ದು ನಿಯಮ," ಅಂದರು.

ನಮ್ಮೆದುರೇ ಒಂದು ಕಂದು ಹಕ್ಕಿ, ಡಿಪ್ಪರ್ ಅಂತೆ, ಬಂಡೆ ಮೇಲೆ ಕೂತು ಕುಂಡೆ ಕುಣಿಸುತ್ತಿತ್ತು. ದಬಕ್ಕನೆ ನೀರಿಗೆ ಮುಳುಗಿ, ತಳದಲ್ಲಿ ಕಲ್ಲು ಕೆದಕಿ, ಹುಳ ಕಚ್ಚಿಕೊಂಡು ಮೇಲೆ ಬರುತ್ತಿತ್ತು. ಬೆಳಗಿಂದ ಅದರ ಊಟ ನಡೆದೇ ಇತ್ತು. ಥರ್ಮಾಮೀಟರ್ ಇಲ್ಲದೆ.

ಮೊದಲ ದಿನ 6ಕ್ಕೆ ಏರಿ ನಿಂತಿತು. ಸಂಜೆ ರೂಮಿಗೆ ಬಂದು ಬಿಸಿನೀರು ಕೇಳಿದರೆ, ಕರೆಂಟಿಲ್ಲ, ಇನ್ನೂ ಕಾದಿಲ್ಲ ಅಂದ ಅಲ್ಲಿಯ ಹುಡುಗ. ಹಿಂದಿಯಲ್ಲಿ ಅಂದ. ಆದರೂ ನನಗೆ ಮೈ ಉರಿಯಿತು.

ಎರಡನೇ ದಿನ ಬಿಸಿಲು ಚೆನ್ನಾಗಿತ್ತು. ನನಗೆ ಖುಷಿ. ಭಾವನಿಗೆ ಗಾಬರಿ. ಬಿಸಿಲು ಜಾಸ್ತಿಯಾದರೆ ಮೇಲೆ ಹಿಮ ಕರಗುತ್ತದೆ. ಕರಗಿದ ನೀರು ಇಳಿದು ಬರುವ ಹೊತ್ತಿಗೆ ಇಲ್ಲಿ ಮಧ್ಯಾಹ್ನ. ಹೊಳೆ ಏರುತ್ತದೆ, ಕದಡುತ್ತದೆ, ಮತ್ತೆ ತಣ್ಣಗಾಗುತ್ತದೆ. ಬೆಳಿಗ್ಗೆ ತಿಳಿ, ಆದರೆ ಚಳಿ. ಮಧ್ಯಾಹ್ನದ ಮೇಲೆ ಬಿಸಿಲು, ಆದರೆ ಕದಡು. ನಡುವೆ ಸಿಗುವುದು ಎರಡು ಗಂಟೆ. ಹನುಮಂತನಗರದಲ್ಲಿ ಸಂಪು ತುಂಬಿಸುವವನಿಗೆ ಇದನ್ನು ಹೇಳಿಕೊಡಬೇಕೇ? ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬೆಟ್ಟ ಹತ್ತಿಸಿದ ಕಾವೇರಿ ನಮ್ಮ ಬೀದಿಗೆ ದಿನ ಬಿಟ್ಟು ದಿನ, ರಾತ್ರಿ ಎರಡಕ್ಕೆ ಬರುತ್ತಾಳೆ. ಮೊದಲ ಹತ್ತು ನಿಮಿಷ ಚಹಾ ಬಣ್ಣ. ಕೊನೆಯ ಹತ್ತು ನಿಮಿಷ ಬರೀ ಗಾಳಿ. ನಡುವಿನದು ನಮ್ಮದು. ನಿದ್ದೆಗಣ್ಣಲ್ಲಿ ಟಾರ್ಚ್ ಹಿಡಿದು ಕಾದವನಿಗೆ ಮಾತ್ರ ದಕ್ಕುತ್ತದೆ.

ಅವತ್ತು ಹನ್ನೆರಡೂವರೆಗೆ ಡಿಗ್ರಿ 7 ಆಯಿತು. ಭಾವ ಎದೆಮಟ್ಟದ ರಬ್ಬರ್ ಪ್ಯಾಂಟು ಏರಿಸತೊಡಗಿದರು. ಅದನ್ನು ಹಾಕಲು ಇಪ್ಪತ್ತು ನಿಮಿಷ ಬೇಕು. ಹಾಕಿದ ಮೇಲೆ ಅವರಿಗೆ ಬಾತ್‌ರೂಮಿಗೆ ಹೋಗುವುದು ನೆನಪಾಯಿತು. ತೆಗೆಯಲು ಹದಿನೈದು ನಿಮಿಷ. ಮತ್ತೆ ಹಾಕಲು ಇಪ್ಪತ್ತು. ಅಷ್ಟರಲ್ಲಿ ನೀರು ಬೂದಿ ಬಣ್ಣಕ್ಕೆ ತಿರುಗಿತು. ಕದಡು ಎಷ್ಟು ಅಂತ ನೋಡಲು ಮೊಣಕಾಲುದ್ದ ನೀರಲ್ಲಿ ನಿಂತು ತಮ್ಮ ಬೂಟಿನ ತುದಿ ಕಾಣುತ್ತದಾ ಅಂತ ಬಗ್ಗಿ ನೋಡಬೇಕಂತೆ. ಕಂಡರೆ ಹುಳ ಮೀನಿಗೂ ಕಾಣುತ್ತದೆ. ಭಾವ ಬಗ್ಗಿದರು. ಇನ್ನೂ ಬಗ್ಗಿದರು. ಕಾಲ ಕೆಳಗಿನ ಪಾಚಿಗಲ್ಲು ಜಾರಿತು. ರಬ್ಬರ್ ಪ್ಯಾಂಟಿನೊಳಗೆ ಹೊಳೆ ನುಗ್ಗಿತು. ಎಬ್ಬಿಸಿ ದಡಕ್ಕೆ ತರುವಾಗ ಹಲ್ಲು ಕಟಕಟ ಅನ್ನುತ್ತಿದ್ದರೂ ಅವರು ಹೇಳಿದ್ದು ಇಷ್ಟೇ: "5 ಇರ್ಬೇಕು."

ರಾತ್ರಿ ಎರಡೆರಡು ರಜಾಯಿ ಹೊದ್ದು ಮಲಗಿದ್ದೆವು. ಹೊಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಭಾವ ತಮ್ಮಷ್ಟಕ್ಕೆ ಅಂದರು: "ಅವಳಿದ್ದಾಗ ಒಂದ್ ದಿನಾನೂ ಬಕೆಟ್ಟಿಗೆ ಬೆರಳು ಅದ್ದಿ ನೋಡಿದವನಲ್ಲ ನಾನು. ನೀರು ಕಾದಿದೆ ಬನ್ನಿ ಅಂತ ಕೂಗೋಳು. ಹೋಗಿ ಹಾಕ್ಕೋತಿದ್ದೆ. ಸರಿಯಾಗೇ ಇರ್ತಿತ್ತು."

ಅತ್ತಿಗೆ ಹೋಗಿ ಎರಡು ವರ್ಷವಾಯಿತು. ನನಗೆ ಏನು ಹೇಳಬೇಕೋ ತೋಚಲಿಲ್ಲ. "ಮಲಗಿ ಭಾವ," ಅಂದೆ. ಸ್ವಲ್ಪ ಹೊತ್ತಿಗೆ ಅವರು ಎದ್ದು ಟಾರ್ಚ್ ಹಾಕಿ, ಕಾಲ ಹತ್ತಿರ ಇಟ್ಟುಕೊಂಡಿದ್ದ ಬಿಸಿನೀರಿನ ಬಾಟಲಿಗೆ ಥರ್ಮಾಮೀಟರ್ ಇಳಿಸಿದರು. ನಾನು ಮಗ್ಗುಲು ತಿರುಗಿದೆ.

ಮೂರನೇ ದಿನ, ಕೊನೆಯ ದಿನ, ತೆಳು ಮೋಡ ಕವಿದಿತ್ತು. ಹಿಮ ಕರಗುವಷ್ಟು ಬಿಸಿಲಿಲ್ಲ. ನೀರು ತಿಳಿಯಾಗಿತ್ತು. ಭಾವ ಅಳೆಯುತ್ತಾ ಅಳೆಯುತ್ತಾ ಸೇತುವೆ ಕಡೆ ಹೋದರು. ನಾನು ಇನ್ನು ಕಾಯುವುದಿಲ್ಲ ಅಂತ ನಿರ್ಧಾರ ಮಾಡಿ ಎರಡು ಬಂಡೆ ನಡುವಿನ ಗುಂಡಿಯ ಹತ್ತಿರ ಹೋಗಿ ನಿಂತೆ. ಮೊಲದ ಕೂದಲಿನ ನಿಂಫ್ ಕಟ್ಟಿದೆ. ಎಸೆದೆ. ಹಿಂದೆ ಸಂಡಿಗೆ ಇರಲಿಲ್ಲ. ಸರಿಯಾಗಿ ಬಿತ್ತು. ಆರನೆಯದೋ ಏಳನೆಯದೋ ಎಸೆತಕ್ಕೆ ತಳದಲ್ಲಿದ್ದ ಒಂದು ಕಲ್ಲು ಅಲುಗಿತು.

ಕಲ್ಲಲ್ಲ. ಬ್ರೌನ್ ಟ್ರೌಟ್. ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗಿನ ಉದ್ದ. ಬೆನ್ನು ಹೊಳೆಯ ತಳದ್ದೇ ಬಣ್ಣ. ಪಕ್ಕೆಯಲ್ಲಿ ಕುಂಕುಮದ ಚುಕ್ಕಿಗಳು, ಪ್ರತಿ ಚುಕ್ಕಿಯ ಸುತ್ತ ಯಾರೋ ಸುಣ್ಣದಲ್ಲಿ ತಿದ್ದಿದ ಹಾಗೆ ತೆಳು ಬಿಳಿ ಬಳೆ. ಬಾಲ ಮಾತ್ರ ಮೆಲ್ಲಗೆ ಅತ್ತಿತ್ತ. ಅಷ್ಟು ರಭಸದ ನೀರಲ್ಲಿ ಅದು ಎಲ್ಲಿಗೂ ಹೋಗದೆ ನಿಂತಿತ್ತು. ನನ್ನ ಹುಳ ತೇಲಿ ಬಂತು. ಮೀನು ಒಂದು ಗೇಣು ಮೇಲೆ ಬಂತು. ಹುಳದ ಹಿಂದೆ ಹಿಂದೆ, ಮೂಗು ತಾಗಿಸುವಷ್ಟು ಹತ್ತಿರ. ನಾನು ಉಸಿರು ಬಿಗಿ ಹಿಡಿದೆ. ಬಿಳಿ ಬಾಯಿ ತೆರೆಯಿತು.

"ಎಂಟೂ!"

ಮೇಲಿಂದ ಭಾವ ಓಡಿ ಬರುತ್ತಿದ್ದರು. ನೀರಲ್ಲೇ. ಛಪಛಪ ಅಂತ. ಒಂದು ಕೈಯಲ್ಲಿ ಥರ್ಮಾಮೀಟರ್ ಮೇಲೆತ್ತಿ, ಒಲಿಂಪಿಕ್ಸ್ ಜ್ಯೋತಿ ಹಿಡಿದವರ ಹಾಗೆ. "ಎಂಟಾಯ್ತು! ಕಾದಿದೆ! ಹಾಕಿ, ಗಾಳ ಹಾಕಿ!"

ಮತ್ತೆ ನೋಡಿದರೆ ಗುಂಡಿಯಲ್ಲಿ ಕಲ್ಲುಗಳಿದ್ದವು. ಎಲ್ಲವೂ ನಿಜವಾದ ಕಲ್ಲುಗಳೇ.

ಹಿಡಿದಿದ್ದರೂ ಬಿಡುತ್ತಿದ್ದೆ, ಒಪ್ಪಿದೆ. ನಾನೇ ಬಿಡುವುದಕ್ಕೂ ಅದೇ ಹೋಗುವುದಕ್ಕೂ ವ್ಯತ್ಯಾಸ ಇದೆ. ಅದನ್ನು ಭಾವನಿಗೆ ಹೇಳಲಿಲ್ಲ. ಹೊರಡುವಾಗ ರೂಮಿನ ಯಜಮಾನರು ಸಮಾಧಾನ ಮಾಡಿದರು. "ಒಂದು ತಿಂಗಳು ತಡವಾಗಿ ಬಂದಿದ್ರೆ ನೀರು ಚೆನ್ನಾಗಿರ್ತಿತ್ತು." ದಾರಿಯಲ್ಲಿ ಸಿಕ್ಕ ಇನ್ನೊಬ್ಬರು ಅಂದರು: "ಹೋದ ಅಕ್ಟೋಬರ್‌ನಲ್ಲಿ ಬರಬೇಕಿತ್ತು." ನಾನು ಹೋದ ದಿನ ಯಾವತ್ತೂ ಅಲ್ಲ. ಪಾಸ್‌ಪೋರ್ಟ್ ಆಫೀಸಿನಿಂದ ಹಿಡಿದು ಹೋಟೆಲಿನ ಬೆಣ್ಣೆದೋಸೆಯವರೆಗೆ ನನಗೆ ಎಲ್ಲ ಕಡೆಯೂ ಇದೇ ಉತ್ತರ.

ಬಾಟಲಿ ಮಾತ್ರ ತುಂಬಿಸಿಕೊಂಡು ಬಂದೆವು. ಈಗ ದಿನಾ ಬೆಳಿಗ್ಗೆ ಅತ್ತೆಯವರು ಬೀದಿಯವರಿಗೆಲ್ಲ ಒಂದೊಂದು ಉದ್ಧರಣೆ ಕೊಡುತ್ತಾರೆ. ಸಂಡಿಗೆ ಆಂಟಿ ಕಣ್ಣಿಗೊತ್ತಿಕೊಂಡು ಕುಡಿಯುತ್ತಾರೆ. "ದರ್ಶನ ಚೆನ್ನಾಗಾಯ್ತಾ?" ಅಂತ ಕೇಳಿದರು. "ಒಂದೇ ಕ್ಷಣ ಆಯ್ತು," ಅಂದೆ. ಅದು ಸುಳ್ಳಲ್ಲ. ಆ ಹನ್ನೊಂದು ರೂಪಾಯಿ ನನ್ನ ಪರ್ಸಿನಲ್ಲೇ ಇದೆ. ಯಾವ ಹುಂಡಿಗೆ ಹಾಕಲಿ? ತೀರ್ಥದಲ್ಲಿ ಮುಳುಗೆದ್ದ ವಸ್ತು ಅಂತ ಥರ್ಮಾಮೀಟರಿಗೂ ಮನೆಯಲ್ಲಿ ಮಡಿಯ ಸ್ಥಾನ ಸಿಕ್ಕಿದೆ. ಇಡ್ಲಿ ಹಿಟ್ಟಿಗೆ ಅದ್ದಿದರೂ ಅತ್ತೆಯವರು ಏನೂ ಅನ್ನುವುದಿಲ್ಲ. ಆಯುಧಪೂಜೆಗೆ ಕುಂಕುಮ ಹಚ್ಚುತ್ತಾರೋ ಏನೋ.

ಭಾವನ ತಲೆಯಲ್ಲಿ ಈಗ ಕೆರೆ ಕೂತಿದೆ. ಕಾಶ್ಮೀರದ ಗಂಗಾಬಲ್ ಸರೋವರ. ಅಲ್ಲಿ ಟ್ರೌಟ್ ಇದೆ. ಹಿಮ ಕರಗಿ ದಾರಿ ತೆರೆಯುವುದೇ ಹೆಚ್ಚುಕಡಿಮೆ ಜುಲೈಗೆ. ನಿನ್ನೆ ಊಟದ ಮೇಲೆ ಒಂದು ಗಂಟೆ ಪಾಠ ಮಾಡಿದರು. ನೀರು ಅತಿ ಭಾರ ಇರುವುದು 4 ಡಿಗ್ರಿಯಲ್ಲಿ. ಹಾಗಾಗಿ ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ, ತಳದಲ್ಲಿ 4 ಡಿಗ್ರಿ. ಗಡ್ಡೆ ಒಡೆದು ಮೇಲಿನ ನೀರು 4ಕ್ಕೆ ಬಂತೆಂದರೆ ಮೇಲೂ ಕೆಳಗೂ ಒಂದೇ ತೂಕ. ಗಾಳಿ ಬೀಸಿದರೆ ಇಡೀ ಕೆರೆ ತಿರುವಿಕೊಳ್ಳುತ್ತದೆ, ಮೇಲಿನ ಪ್ರಾಣವಾಯು ತಳ ಮುಟ್ಟುತ್ತದೆ. ಮೊದಲು ಕಾಯುವುದು ದಡದ ತೆಳು ನೀರು. ಮೀನು ಅಲ್ಲಿಗೇ ಬರುತ್ತದೆ. ಪಾಠ ಚೆನ್ನಾಗೇ ಇತ್ತು. ಅದರ ಪ್ರಾಕ್ಟಿಕಲ್ ಇವತ್ತು ಬೆಳಿಗ್ಗೆ ನನ್ನ ಸ್ನಾನದ ಬಕೆಟ್ಟಿನಲ್ಲಿ ನಡೆಯಿತು.

ಆಟೋ ಇನ್ನೂ ಸಿಲ್ಕ್ ಬೋರ್ಡಿನಲ್ಲೇ ಇದೆ. ಫೋನಿನ ಚಾರ್ಜು ಮುಗಿಯುತ್ತಾ ಬಂತು. ಪವರ್ ಬ್ಯಾಂಕಿಗೆ ಅಂತ ಬ್ಯಾಗಿಗೆ ಕೈ ಹಾಕಿದರೆ ಸಿಕ್ಕಿದ್ದು ಭಾವನ ನೋಟ್‌ಬುಕ್ಕು. ಅವಸರದಲ್ಲಿ ಊಟದ ಟೇಬಲ್ ಮೇಲಿಂದ ನನ್ನ ಡೈರಿ ಅಂತ ಎತ್ತಿಕೊಂಡು ಬಂದಿದ್ದೇನೆ.

ತೀರ್ಥನ್ ಪುಟ ತೆಗೆದೆ. ಸೊನ್ನೆ, ಸೊನ್ನೆ, ಸೊನ್ನೆ. ಮೂರನೇ ದಿನದ ಸಾಲು: 1:20, ಎರಡು ಬಂಡೆ ನಡುವೆ, 8. ಮೀನಿನ ಕಾಲಂನಲ್ಲಿ 1 ಅಂತ ಬರೆದು, ಹೊಡೆದು, 0 ಮಾಡಿ, ಪಕ್ಕದಲ್ಲಿ ಬ್ಯಾಂಕಿನ ಪದ್ಧತಿಯಂತೆ ಸಣ್ಣ ಸಹಿ ಹಾಕಿದ್ದಾರೆ. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, 'ನನ್ನಿಂದ ಹೋಯಿತು.'

ಪುಟ ಮಗುಚಿದೆ. ಮನೆಗೆ ಬಂದ ಮೇಲಿನ ಲೆಕ್ಕ. ಕಾಲಂಗಳು ಅವೇ ನಾಲ್ಕು.

ರಾತ್ರಿ 2:10, ಸಂಪು, 24, ಮೀನು 0.

ಬೆಳಿಗ್ಗೆ 6:00, ಇಡ್ಲಿ ಹಿಟ್ಟು, 27, ಮೀನು 0.

6:40, ದೇವರ ಮನೆ ತೀರ್ಥ, 25, ಮೀನು 0.

7:21, ಬಚ್ಚಲು, 41, ಕಲಸಿಲ್ಲ, ಮೀನು 0.